ಮನೇಲಿರೋ ಕಂಪ್ಯೂಟರ್ ನಿಜವಾಗ್ಲೂ ಎಷ್ಟು ಕರೆಂಟ್ ಎಳೆಯುತ್ತೆ, ಅಳೆಯೋದು ಹೇಗೆ? ಓನರ್‌ಗೆ ಲೆಕ್ಕ ಕೊಡ್ಬೇಕು

ಮೈಸೂರ್_ಎಡಿಟರ್ (ಪ್ರಶ್ನೆ)

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ ಹೇಳಿ.

ಮೈಸೂರಲ್ಲಿ ಒಂದು ಮನೆ ಮಹಡಿ ಮೇಲೆ ಬಾಡಿಗೆಗೆ ಇದೀನಿ, ಕೆಳಗಡೆ ಓನರ್ ಅಂಕಲ್ ಆಂಟಿ ಇಬ್ರೇ ಇರೋದು. ಮೇಲಕ್ಕೂ ಕೆಳಕ್ಕೂ ಸೇರಿ ಒಂದೇ ಮೀಟರ್. ಬಾಡಿಗೆ ಜೊತೆ ಕರೆಂಟ್‌ಗೆ ಅಂತ ತಿಂಗಳಿಗೆ 300 ರೂಪಾಯಿ ಕೊಡ್ತಾ ಬಂದಿದೀನಿ. ನನ್ನ ಕೆಲ್ಸ ಮದುವೆ ವಿಡಿಯೋ ಎಡಿಟಿಂಗ್, ಮುಂಚೆ ಸ್ಟುಡಿಯೋಗೆ ಹೋಗಿ ಮಾಡ್ತಿದ್ದೆ, ಈಗ ನಾಲ್ಕು ತಿಂಗಳಿಂದ ಒಂದು ಡೆಸ್ಕ್‌ಟಾಪ್ ಹಾಕ್ಸಿ ಮನೇಲೇ ಮಾಡ್ತಿದೀನಿ, ದಿನಕ್ಕೆ ಹತ್ತು ಗಂಟೆ ಆನ್ ಇರುತ್ತೆ. ಕರೆಕ್ಟಾಗಿ ಅದೇ ನಾಲ್ಕು ತಿಂಗಳಿಂದ ಬಿಲ್ ಜಾಸ್ತಿ ಬರ್ತಿದೆ.

ಅಂಕಲ್ ರಿಟೈರ್ಡ್ ಮೇಷ್ಟ್ರು, ಜಗಳ ಮಾಡೋರಲ್ಲ, ನಮ್ಮಮ್ಮ ಬಂದಾಗ ಅವರ ಮನೇಲೇ ಊಟ. ಮೊನ್ನೆ ಭಾನುವಾರ ಮೇಲೆ ಬಂದ್ರು, ಕೈಯಲ್ಲಿ ನೋಟ್‌ಬುಕ್. ಕ್ಯಾಬಿನೆಟ್ಟಿನ ಗಾಜಿನ ಸೈಡಿಂದ ಬಗ್ಗಿ ನೋಡಿ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡೋ ಪವರ್ ಸಪ್ಲೈ ಡಬ್ಬಿ) ಮೇಲೆ 650 ವಾಟ್ ಅಂತ ಇರೋದನ್ನ ಓದಿದ್ರು, ಅಲ್ಲೇ ಲೆಕ್ಕ ಹಾಕಿದ್ರು: 650 ವಾಟ್, 10 ಗಂಟೆ, 30 ದಿನ, 195 ಯೂನಿಟ್. ಯೂನಿಟ್‌ಗೆ ಆರು ರೂಪಾಯಿ ಅಂದ್ರೂ 1170. "ನೀನೇ ಹೇಳಪ್ಪಾ, ನಾನು ಕೇಳೋದ್ರಲ್ಲಿ ತಪ್ಪಿದ್ಯಾ" ಅಂದ್ರು. ನನಗೆ ಬಾಯೇ ಬರ್ಲಿಲ್ಲ. ಅಷ್ಟೊಂದು ಎಳೆಯಲ್ಲ ಅಂತ ಮನಸ್ಸು ಹೇಳುತ್ತೆ, ಆದ್ರೆ ಎಷ್ಟು ಅಂತ ಕೇಳಿದ್ರೆ ಹೇಳೋಕೆ ನನ್ನ ಹತ್ರ ಒಂದು ನಂಬರ್ ಇಲ್ಲ.

ಸಿಸ್ಟಮ್: ಇಂಟೆಲ್ ಐ5-12400 ಪ್ರೊಸೆಸರ್, ಜಿಟಿಎಕ್ಸ್ 1650 ಗ್ರಾಫಿಕ್ ಕಾರ್ಡ್, 16 ಜಿಬಿ ರ್‍ಯಾಮ್, ಒಂದು ಎಸ್‌ಎಸ್‌ಡಿ, ಒಂದು ಹಾರ್ಡ್ ಡಿಸ್ಕ್, 24 ಇಂಚಿನ ಮಾನಿಟರ್, 600 ವಿಎ ಯುಪಿಎಸ್. ಇದನ್ನ ನಿಜವಾಗಿ ಅಳೆಯೋದು ಹೇಗೆ? ಅವರಿಗೆ ಮೋಸ ಆಗ್ಬಾರ್ದು, ನನಗೂ ಆಗ್ಬಾರ್ದು.

ಸರ್ವೀಸ್_ಹುಬ್ಳಿ

ನಮಸ್ಕಾರ್ರಿ. ನಾ ಹುಬ್ಬಳ್ಳ್ಯಾಗ ಕಂಪ್ಯೂಟರ್ ರಿಪೇರಿ ಮಾಡ್ತೀನಿ. ನಿಮ್ಮ ಮೇಷ್ಟ್ರ ಗುಣಾಕಾರ ಸರಿ ಐತ್ರಿ, ಆದ್ರ ಹಿಡದ ಅಂಕಿನ ತಪ್ಪೈತಿ. ಎಸ್‌ಎಂಪಿಎಸ್ ಮ್ಯಾಲೆ 650 ಅಂತ ಬರದಿರ್ತಾರಲ್ಲ, ಅದು ಒಳಗಿನ ಸಾಮಾನಿಗೆ ಹೆಚ್ಚಂದ್ರ ಅಷ್ಟು ಕೊಡಾಕ ಆಗ್ತೈತಿ ಅಂತ, ಯಾವಾಗ್ಲೂ ಅಷ್ಟು ಎಳಿತೈತಿ ಅಂತಲ್ಲ. ಬಾವಿ ಎಷ್ಟ ದೊಡ್ಡದಿದ್ರೂ ನಾವು ಸೇದಿದಷ್ಟ ನೀರು ಬರೂದು. ನಿಮ್ಮ ಪ್ರೊಸೆಸರ್ ಫುಲ್ ಜೋರಾಗಿ ಓಡಿದ್ರ 117 ವಾಟ್, ಇಂಟೆಲ್‌ನವ್ರ ಬರದಿರೋ ಲಿಮಿಟ್ ಅದು, ಮಾಮೂಲಿ 65. ಗ್ರಾಫಿಕ್ ಕಾರ್ಡ್ 75. ಎರಡೂ ಒಮ್ಮೆಗೇ ಫುಲ್ ಓಡೂದು ಎಕ್ಸ್‌ಪೋರ್ಟ್ ಹಾಕಿದಾಗ (ಎಡಿಟ್ ಮುಗದ ವಿಡಿಯೋನ ಫೈಲ್ ಮಾಡೂವಾಗ) ಅಷ್ಟ, ಅದೂ ಅಪರೂಪ. ಬೋರ್ಡು, ಫ್ಯಾನು, ಡಿಸ್ಕು ಎಲ್ಲಾ ಕೂಡಿಸಿದ್ರೂ ನಿಮ್ಮ ಡಬ್ಬಿ 250 ಮುಟ್ಟೂದಿಲ್ರಿ.

ಇನ್ನೊಂದು ಮಾತು. ಒಳಗ 100 ವಾಟ್ ಬೇಕಾದ್ರ ಗ್ವಾಡಿಯಿಂದ 100 ಎಳದ್ರ ಸಾಲೂದಿಲ್ಲ. ಎಸ್‌ಎಂಪಿಎಸ್ ಸ್ವಲ್ಪ ಬಿಸಿಮಾಡಿ ಹಾಳು ಮಾಡ್ತೈತಿ. ಎಸ್‌ಎಂಪಿಎಸ್ ಮ್ಯಾಲೆ 80 ಪ್ಲಸ್ ಬ್ರಾಂಜ್ ಅಂತ, ಅಂದ್ರ ಕಡಿಮಿ ಹಾಳು ಮಾಡ್ತೈತಿ ಅನ್ನೂ ಚೀಟಿ ಇದ್ರ ಅರ್ಧ ಲೋಡಿನಾಗ ಸುಮಾರು 85 ಪರ್ಸೆಂಟ್ ಒಳಗ ಮುಟ್ಟತೈತಿ, ಅಂದ್ರ 100ಕ್ಕ ಗ್ವಾಡಿಯಿಂದ 118 ಹತ್ತಿರ. ಅದಕ್ಕ ಪಾರ್ಟಿನ ಲೆಕ್ಕ ಕೂಡಿಸಿ ಉಪಯೋಗ ಇಲ್ಲ, ಗ್ವಾಡಿಗೇ ಅಳೀಬೇಕು.

ಪ್ಲಗ್ ಮೀಟರ್ ಅಂತ ಸಿಗ್ತಾವ, ಸಾವಿರ ರೂಪಾಯಿ ಆಸುಪಾಸು. ಸಾಕೆಟ್ಟಿಗೆ ಅದನ್ನ ಚುಚ್ಚೂದು, ಅದಕ್ಕ ಯುಪಿಎಸ್ ಚುಚ್ಚೂದು. ವಾಟ್ ತೋರಸ್ತೈತಿ, ಅದಕ್ಕಿಂತ ಮುಖ್ಯ ಒಟ್ಟ ಎಷ್ಟು ಯೂನಿಟ್ ಹೋತು ಅಂತ ಕೂಡಿಸಿಕೋತ ಹೋಗ್ತೈತಿ. ಒಂದು ವಾರ ಹಂಗ ಬಿಡ್ರಿ. ತಗೊಳ್ಳೂವಾಗ ಪಿನ್ ನೋಡ್ರಿ, ಭಾಳ ಮೀಟರ್ 16 ಆಂಪಿಯರಿನ ದಪ್ಪ ಪಿನ್ ಇರ್ತಾವ, ನಿಮ್ಮ ಟೇಬಲ್ ಕಡೆ 6 ಆಂಪಿಯರ್ ಸಾಕೆಟ್ ಇದ್ರ ಕೂಡೂದಿಲ್ಲ. ನಾನು ಮೊದಲ್ನೇದು ತಂದಾಗ ಅದ ಆಗಿ ವಾಪಸ್ ಕೊಟ್ಟೆ. ವೈಫೈ ಸ್ಮಾರ್ಟ್ ಪ್ಲಗ್‌ನಾಗೂ ಕೆಲವು ಅಳೀತಾವ, ಆದ್ರ ಎಲ್ಲಾ ಅಲ್ಲ, ಎನರ್ಜಿ ಮಾನಿಟರಿಂಗ್ ಅಂತ ಡಬ್ಬಿ ಮ್ಯಾಲೆ ಬರದಿದ್ರ ಮಾತ್ರ ತಗೋರಿ.

ಕಡಲೂರ_ಕೋಡರ್

ದುಡ್ಡು ಖರ್ಚು ಮಾಡೋ ಮುಂಚೆ ಸಾಫ್ಟ್‌ವೇರಲ್ಲಿ ಒಂದು ಅಂದಾಜು ಸಿಗುತ್ತೆ, ಆದ್ರೆ ಅದು ಏನನ್ನ ತೋರಿಸುತ್ತೆ ಅಂತ ತಿಳ್ಕೊಂಡು ನೋಡಿ. ಎಚ್‌ಡಬ್ಲ್ಯುಇನ್ಫೋ ಅಂತ ಫ್ರೀ ಪ್ರೋಗ್ರಾಂ ಇದೆ, ಅದ್ರಲ್ಲಿ ಸಿಪಿಯು ಪ್ಯಾಕೇಜ್ ಪವರ್ ಅನ್ನೋ ಸಾಲು ನೋಡಿ, ಅದು ಪ್ರೊಸೆಸರ್ ಎಳೆಯೋ ವಾಟ್. 2011ರ ಸ್ಯಾಂಡಿ ಬ್ರಿಡ್ಜ್ ಪ್ರೊಸೆಸರ್‌ಗಳ ಕಾಲದಿಂದ ಇಂಟೆಲ್ ಚಿಪ್ ತಾನು ಎಷ್ಟು ಎನರ್ಜಿ ಬಳಸಿದೆ ಅಂತ ಲೆಕ್ಕ ಇಟ್ಕೊಳ್ಳುತ್ತೆ, ಪ್ರೋಗ್ರಾಂ ಅದನ್ನ ಓದುತ್ತೆ ಅಷ್ಟೆ. ಗ್ರಾಫಿಕ್ ಕಾರ್ಡ್ ಕೂಡ ಸುಮಾರು ಮಾಡೆಲ್‌ಗಳು ತಮ್ಮ ಲೆಕ್ಕ ತಾವೇ ಕೊಡ್ತವೆ.

ಆದ್ರೆ ಮದರ್‌ಬೋರ್ಡ್, ಫ್ಯಾನ್, ಡಿಸ್ಕ್, ಎಸ್‌ಎಂಪಿಎಸ್‌ನ ನಷ್ಟ, ಮಾನಿಟರ್, ಯುಪಿಎಸ್ ಇದ್ಯಾವುದೂ ಅದ್ರಲ್ಲಿ ಬರಲ್ಲ. ನನ್ನ ಡೆಸ್ಕ್‌ಟಾಪಲ್ಲಿ ಸುಮ್ನೆ ಬ್ರೌಸರ್ ತೆಗೆದಿಟ್ಟಾಗ ಸಿಪಿಯು 14, ಕಾರ್ಡ್ 9, ಎರಡೂ ಸೇರಿ 23 ವಾಟ್ ಅಂತ ತೋರ್ಸುತ್ತೆ, ಅದೇ ಹೊತ್ತಿಗೆ ಗೋಡೆ ಹತ್ರ ಪ್ಲಗ್ ಮೀಟರ್ 58 ತೋರ್ಸುತ್ತೆ, ಅದೂ ಮಾನಿಟರ್ ಬಿಟ್ಟು. ಮೇಷ್ಟ್ರಿಗೆ 23 ಅಂತ ಹೇಳ್ಬಿಟ್ರೆ 650 ಅನ್ನೋದು ಎಷ್ಟು ತಪ್ಪೋ ಇದೂ ತಪ್ಪೇ ಆಗುತ್ತೆ. ಎಕ್ಸ್‌ಪೋರ್ಟ್ ಮಾಡೋವಾಗ ಯಾವ ಸೆಟ್ಟಿಂಗ್‌ಗೆ ಎಷ್ಟು ವ್ಯತ್ಯಾಸ ಅಂತ ಹೋಲಿಸೋಕೆ ಇದು ಚೆನ್ನಾಗಿದೆ, ಬಿಲ್ಲಿಗೆ ಸಾಲದು.

ಲ್ಯಾಪ್‌ಟಾಪ್ ಇರೋರಿಗೆ ಸುಲಭ, ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ಓಡ್ಸಿ, ಅದೇ ಪ್ರೋಗ್ರಾಂನಲ್ಲಿ ಬ್ಯಾಟರಿ ಎಷ್ಟು ವಾಟ್‌ನಲ್ಲಿ ಖಾಲಿ ಆಗ್ತಿದೆ ಅಂತ ಬರುತ್ತೆ, ಲಿನಕ್ಸಲ್ಲಿ ಪವರ್‌ಟಾಪ್ ಹಾಕಿದ್ರೂ ಕಾಣುತ್ತೆ. ಅದ್ರಲ್ಲಿ ಸ್ಕ್ರೀನೂ ಸೇರಿರುತ್ತೆ.

ದಾವಣಗೆರೆ_77

ಇಷ್ಟೆಲ್ಲಾ ಯಾಕೆ, ಎಲೆಕ್ಟ್ರಿಷಿಯನ್ ಹತ್ರ ಕ್ಲಾಂಪ್ ಮೀಟರ್ ಇರುತ್ತಲ್ಲ, ಆಂಪಿಯರ್ ನೋಡಿ 230ರಿಂದ ಗುಣಿಸಿದ್ರೆ ವಾಟ್ ಬಂತು.

ವೈರ್‌ಮನ್_ಮಗ

ಅಣ್ಣ ಹಂಗೆ ಮಾಡ್ಬೇಡಿ ದಯವಿಟ್ಟು. ಮೊದಲ್ನೇದು, ಕ್ಲಾಂಪ್ ಒಂದೇ ವೈರಿಗೆ ಹಾಕ್ಬೇಕು, ಕಂಪ್ಯೂಟರ್ ಕೇಬಲ್‌ಗೆ ಪೂರ್ತಿ ಹಾಕಿದ್ರೆ ಹೋಗೋ ಕರೆಂಟು ಬರೋ ಕರೆಂಟು ಒಂದನ್ನೊಂದು ಹೊಡೆದಾಕಿ ಸೊನ್ನೆ ತೋರ್ಸುತ್ತೆ, ಅದಕ್ಕೆ ಅಂತ ಕೇಬಲ್ ಮೇಲಿನ ರಬ್ಬರ್ ಸೀಳೋರನ್ನ ನೋಡಿದೀನಿ, ಪ್ರಾಣಕ್ಕೆ ಅಪಾಯ. ಎರಡ್ನೇದು, ಆಂಪಿಯರನ್ನ ವೋಲ್ಟಿಂದ ಗುಣಿಸಿದ್ರೆ ಬರೋದು ವಿಎ, ವಾಟ್ ಅಲ್ಲ. ಮಧ್ಯದಲ್ಲಿ ಪವರ್ ಫ್ಯಾಕ್ಟರ್ ಅಂತ ಇದೆ, ವಿಎಯಲ್ಲಿ ಎಷ್ಟು ಪಾಲು ನಿಜವಾದ ವಾಟ್ ಅನ್ನೋ ಲೆಕ್ಕ. ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿ ಮಾಡೋ ಸರ್ಕ್ಯೂಟ್) ಇಲ್ಲದ ಹಳೇ ಎಸ್‌ಎಂಪಿಎಸ್‌ಗಳಲ್ಲಿ ಅದು 0.6 ಹತ್ರ ಇರುತ್ತೆ. ಅರ್ಧ ಆಂಪಿಯರ್ ತೋರಿಸ್ತು ಅಂದ್ಕೊಳ್ಳಿ, ಗುಣಿಸಿದ್ರೆ 115, ನಿಜವಾದ ವಾಟ್ 69. ಮನೆ ಮೀಟರ್ ಬಿಲ್ ಮಾಡೋದು ಆ 69ಕ್ಕೆ. ಯುಪಿಎಸ್ ಮೇಲೂ ಇದೇ ಕಥೆ, 600 ವಿಎ ಅಂತ ದೊಡ್ಡಕ್ಷರದಲ್ಲಿರುತ್ತೆ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ 360 ವಾಟ್ ಅಂತ ಇರುತ್ತೆ ನೋಡಿ.

ಎಡಿಟರ್ ಅವ್ರೇ, ನಿಮಗೆ ಒಂದು ಪೈಸೆ ಖರ್ಚಿಲ್ಲದ ದಾರಿ ಇದೆ. ನಮ್ಮಪ್ಪ ಕಲಿಸಿದ್ದು. ಮನೆ ಮುಂದಿನ ಎಲೆಕ್ಟ್ರಾನಿಕ್ ಮೀಟರಲ್ಲಿ ಒಂದು ಸಣ್ಣ ಕೆಂಪು ಲೈಟ್ ಮಿಣಕ್ ಮಿಣಕ್ ಅಂತಿರುತ್ತಲ್ಲ, ಅದ್ರ ಹತ್ರಾನೇ 3200 ಇಂಪ್ ಪರ್ ಕಿಲೋವಾಟ್ ಅವರ್ ಅಂತ ಇಂಗ್ಲಿಷಲ್ಲಿ ಬರ್ದಿರುತ್ತೆ. ಕೆಲವು ಮೀಟರಲ್ಲಿ 1600, 6400 ಕೂಡ ಇರುತ್ತೆ, ನಿಮ್ಮದನ್ನ ನೋಡ್ಕೊಳ್ಳಿ. 3200 ಅಂದ್ರೆ ಆ ಲೈಟು 3200 ಸಲ ಮಿನುಗಿದ್ರೆ ಒಂದು ಯೂನಿಟ್. ಎರಡು ಮಿನುಗಿನ ಮಧ್ಯೆ ಎಷ್ಟು ಸೆಕೆಂಡ್ ಅಂತ ಎಣಿಸಿ, 1125ನ್ನ ಆ ಸೆಕೆಂಡಿಂದ ಭಾಗಿಸಿ, ವಾಟ್ ಬಂತು. 1125 ಎಲ್ಲಿಂದ ಬಂತು ಅಂತ ಮೇಷ್ಟ್ರು ಕೇಳೇ ಕೇಳ್ತಾರೆ, 36 ಲಕ್ಷವನ್ನ 3200ರಿಂದ ಭಾಗಿಸಿದ್ದು, ಗಂಟೆಗೆ 3600 ಸೆಕೆಂಡು, ಕಿಲೋವಾಟ್‌ಗೆ 1000 ವಾಟ್. 1600 ಮೀಟರ್ ಆದ್ರೆ 2250 ತಗೊಳ್ಳಿ.

ಒಂದು ಮಿನುಗಿಗೆ ನೋಡ್ಬೇಡಿ, ಹತ್ತು ಮಿನುಗಿಗೆ ಎಷ್ಟು ಹೊತ್ತು ಅಂತ ನೋಡಿ ಹತ್ತರಿಂದ ಭಾಗಿಸಿ. ಆ ಹೊತ್ತಿಗೆ ಮನೇಲಿ ಬೇರೆ ಎಲ್ಲಾ ಆಫ್ ಇರ್ಬೇಕು, ಫ್ರಿಜ್ಜು ಪ್ಲಗ್ ಕಿತ್ತಿರ್ಬೇಕು, ರೂಟರ್, ಸೆಟ್‌ಟಾಪ್ ಬಾಕ್ಸ್, ಫೋನ್ ಚಾರ್ಜರ್ ಎಲ್ಲಾ. ಫ್ರಿಜ್ ಒಂದು ಮರೆತ್ರೂ ಮಧ್ಯದಲ್ಲಿ ಕಂಪ್ರೆಸರ್ ಆನ್ ಆಗಿ ಲೆಕ್ಕ ಎಲ್ಲಾ ಕೆಟ್ಟೋಗುತ್ತೆ. ನಿಮ್ದು ಒಂದೇ ಮೀಟರ್, ಅಂಕಲ್ ಸಹಕಾರ ಬೇಕೇ ಬೇಕು. ನನ್ನ ಕೇಳಿದ್ರೆ ಅದು ಒಳ್ಳೇದೇ ಆಯ್ತು, ಅವರ ಕೈಯಲ್ಲೇ ಎಣಿಸಿ. ನೀವು ಹೇಳಿದ ನಂಬರ್ ಅವರು ನಂಬಬೇಕು ಅಂತಿಲ್ಲ, ಅವರದೇ ಮೀಟರ್ ಹೇಳಿದ್ದನ್ನ ನಂಬ್ತಾರೆ.

ಕೆಳಮನೆ_ಆಂಟಿ

ನಾನು ಬಾಡಿಗೆಗೆ ಕೊಟ್ಟಿರೋಳು, ಓನರ್ ಕಡೆಯಿಂದ ಒಂದು ಮಾತು ಹೇಳ್ಲಾ ಮಗು. ನಿನ್ನ ಕಂಪ್ಯೂಟರ್ 650 ಎಳೆಯಲ್ಲ ಅನ್ನೋದು ಸರಿ, ಆದ್ರೆ ಅವರಿಗೆ ಕಷ್ಟ ಆಗ್ತಿರೋದೂ ಸುಳ್ಳಲ್ಲ. ಗೃಹಜ್ಯೋತಿ ಬಂದ್ಮೇಲೆ ಲೆಕ್ಕ ಬೇರೆ ಆಗಿದೆ. 2023 ಜುಲೈಯಿಂದ ಜಾರಿಯಾಯ್ತಲ್ಲ, ಅದ್ರಲ್ಲಿ 2022-23ರಲ್ಲಿ ಆ ಮನೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತೋ ಅದಕ್ಕೆ ಹತ್ತು ಪರ್ಸೆಂಟ್ ಸೇರಿಸಿ ಅಷ್ಟು ಫ್ರೀ. ಅದನ್ನ ದಾಟಿ 200ರ ಒಳಗಿದ್ರೆ ದಾಟಿದ್ದಕ್ಕೆ ಮಾತ್ರ ಕಟ್ಟಬೇಕು. 200 ದಾಟಿದ್ರೆ ಪೂರ್ತಿ ಬಿಲ್ ಕಟ್ಟಬೇಕು, ಒಂದು ಯೂನಿಟ್ಟೂ ಫ್ರೀ ಇಲ್ಲ.

ಈಗ ನೋಡು, ಅವರ ಮನೆಗೆ 150 ಫ್ರೀ ಇದೆ ಅಂದ್ಕೋ. 190 ಬಂದ್ರೆ 40ಕ್ಕೆ ದುಡ್ಡು. 205 ಬಂದ್ರೆ 205ಕ್ಕೂ ದುಡ್ಡು. ಹದಿನೈದೇ ಯೂನಿಟ್ ವ್ಯತ್ಯಾಸ, ಬಿಲ್ ಮಾತ್ರ ಸಾವಿರ ರೂಪಾಯಿ ಮೇಲೆ ಏರುತ್ತೆ. ನಿನ್ನ ಕಂಪ್ಯೂಟರ್ ಮೂವತ್ತೋ ನಲವತ್ತೋ ಯೂನಿಟ್ ಎಳೆದ್ರೂ ಅದೇ ಅವರನ್ನ ಗೆರೆ ದಾಟಿಸ್ತಿರಬಹುದು. ಆದ್ದರಿಂದ ಅಳೆದು ನಂಬರ್ ತೋರಿಸಿ ಸುಮ್ನಾಗ್ಬೇಡ, ಬಿಲ್ಲನ್ನೂ ಇಸ್ಕೊಂಡು ಇಬ್ರೂ ಕೂತು ನೋಡಿ.

ಮೈಸೂರ್_ಎಡಿಟರ್

ಎಲ್ರಿಗೂ ತುಂಬಾ ಥ್ಯಾಂಕ್ಸ್. ಎರಡು ವಾರ ಆಯ್ತು, ಎರಡೂ ರೀತಿ ಅಳೆದ್ವಿ. ಬರೀತೀನಿ.

ಮೊದಲು ಮೀಟರ್ ಲೈಟ್. ಅಂಕಲ್‌ಗೆ 1125ರ ಲೆಕ್ಕ ಹೇಳಿದ ತಕ್ಷಣ ಅವರ ಮುಖ ನೋಡ್ಬೇಕಿತ್ತು, ತಾವೇ ನೋಟ್‌ಬುಕ್ಕಲ್ಲಿ ಭಾಗಿಸಿ ನೋಡಿ ಸರಿಯಾಗಿದೆ ಅಂದ್ರು, ಭಾನುವಾರ ಮಧ್ಯಾಹ್ನ ಊಟ ಆದ್ಮೇಲೆ ಮಾಡೋಣ ಅಂದ್ರು. ಆಂಟಿ ಫ್ರಿಜ್ ಪ್ಲಗ್ ತೆಗೆದ್ರು, ನಾನು ರೂಟರ್ ಆಫ್ ಮಾಡ್ದೆ, ಕೆಳಗಿನ ಬೆಲ್ ಇಂದ ಹಿಡಿದು ಸೊಳ್ಳೆ ಮಿಷನ್‌ವರೆಗೂ ಎಲ್ಲಾ ತೆಗೆದ್ವಿ. ಲೈಟ್ ಮಿನುಗೋದು ನಿಂತೇಹೋಯ್ತು. ಆಮೇಲೆ ನಾನು ಮೇಲೆ ಹೋಗಿ ಕಂಪ್ಯೂಟರ್ ಆನ್ ಮಾಡಿ ಡೆಸ್ಕ್‌ಟಾಪ್ ಬಂದ್ಮೇಲೆ ಕಿಟಕಿಯಿಂದ ಕೂಗಿದೆ, ಅಂಕಲ್ ಕೆಳಗೆ ಮೀಟರ್ ಬಾಕ್ಸ್ ಮುಂದೆ ಪ್ಲಾಸ್ಟಿಕ್ ಸ್ಟೂಲ್ ಹಾಕ್ಕೊಂಡು ಕೈಗಡಿಯಾರ ಬಿಚ್ಚಿ ಅಂಗೈಲಿಟ್ಕೊಂಡು ಎಣಿಸಿದ್ರು. ನಮ್ದೂ 3200ರ ಮೀಟರೇ. ಹತ್ತು ಮಿನುಗಿಗೆ 130 ಸೆಕೆಂಡ್. ಅಂದ್ರೆ 86 ವಾಟ್ ಚಿಲ್ಲರೆ. ಎಕ್ಸ್‌ಪೋರ್ಟ್ ಹಾಕಿದಾಗ ಹತ್ತು ಮಿನುಗಿಗೆ 58 ಸೆಕೆಂಡ್, 194 ವಾಟ್. ಅಂಕಲ್ ಮೂರು ಸಲ ಎಣಿಸಿದ್ರು, ಒಂದೆರಡು ಸೆಕೆಂಡ್ ಆಚೀಚೆ ಅಷ್ಟೆ.

ಆಮೇಲೆ ಸ್ನೇಹಿತನ ಹತ್ರ ಪ್ಲಗ್ ಮೀಟರ್ ಇಸ್ಕೊಂಡು ಯುಪಿಎಸ್ ಮುಂದೆ ಹಾಕಿ ಒಂದು ವಾರ ಬಿಟ್ಟೆ, ಮಾನಿಟರು ಸ್ಪೀಕರು ಎಲ್ಲಾ ಅದ್ರೊಳಗೇ. ಸುಮ್ನೆ ಇದ್ದಾಗ 86, ಮೀಟರ್ ಲೈಟ್‌ಗೂ ಇದಕ್ಕೂ ಹೊಂದಿದ್ದು ನೋಡಿ ಇಬ್ರಿಗೂ ಖುಷಿಯಾಯ್ತು. ಟೈಮ್‌ಲೈನಲ್ಲಿ ಕಟ್ ಮಾಡ್ತಾ ಕೂತಾಗ 110ರಿಂದ 130ರ ಮಧ್ಯೆ ಕುಣೀತಿರುತ್ತೆ. ಎಕ್ಸ್‌ಪೋರ್ಟಲ್ಲಿ 190ರ ಹತ್ರ, ಒಂದ್ಸಲ ಮಾತ್ರ 211 ನೋಡ್ದೆ, ಅದೇ ಜಾಸ್ತಿ. ಆಶ್ಚರ್ಯ ಆಗಿದ್ದು ಬೇರೆ: ಶಟ್‌ಡೌನ್ ಮಾಡಿ ಮಲಗಿದ್ಮೇಲೂ 14 ವಾಟ್ ಹೋಗ್ತಾನೇ ಇತ್ತು. ಅದ್ರಲ್ಲಿ ಮುಕ್ಕಾಲು ಪಾಲು ಯುಪಿಎಸ್ ಒಂದೇ ಎಳೀತಿದೆ, ರಾತ್ರಿ ಹೊತ್ತು ಅದರ ಸ್ವಿಚ್ ನಾನು ಯಾವತ್ತೂ ಆಫ್ ಮಾಡಿರ್ಲಿಲ್ಲ.

ಏಳು ದಿನಕ್ಕೆ ಒಟ್ಟು 9.4 ಯೂನಿಟ್. ದಿನಕ್ಕೆ 1.34, ತಿಂಗಳಿಗೆ 40. ಟ್ಯಾಕ್ಸ್ ಎಲ್ಲಾ ಸೇರಿ ಯೂನಿಟ್‌ಗೆ ಆರೂವರೆ ಹಿಡಿದ್ರೂ 260 ರೂಪಾಯಿ. ಅಂಕಲ್ ಅದೇ ನೋಟ್‌ಬುಕ್ ತೆಗೆದು 195ನ್ನ ಒಂದು ಗೆರೆ ಎಳೆದು ಹೊಡೆದು ಪಕ್ಕದಲ್ಲಿ 40 ಅಂತ ಬರೆದು ದಿನಾಂಕ ಹಾಕಿದ್ರು.

ಆದ್ರೆ ಅಲ್ಲಿಗೆ ಮುಗೀಲಿಲ್ಲ. ಕೆಳಮನೆ ಆಂಟಿ ಹೇಳಿದ ಹಾಗೆ ಬಿಲ್ ಕೇಳಿದೆ. ಅವರ ಮನೆಗೆ ಫ್ರೀ ಇರೋದು 165, ಹೋದ ತಿಂಗಳು ಬಂದಿದ್ದು 214. ಬರೀ 14 ಯೂನಿಟ್‌ನಿಂದ ಪೂರ್ತಿ ಬಿಲ್ ಕಟ್ಟಿದಾರೆ. ನನ್ನ ಕಂಪ್ಯೂಟರ್ 40 ಅಂದ್ರೂ ಉಳಿದಿದ್ದು ಎಲ್ಲಿಂದ ಜಾಸ್ತಿಯಾಯ್ತು ಅಂತ ಇಬ್ರೂ ಹುಡುಕ್ತಾ ಕೂತಾಗ ನನ್ನ ಬಾತ್‌ರೂಮಿನ ಗೀಸರ್ ನೆನಪಾಯ್ತು. ಕೆಳಗೆ ಅವರಿಗೆ ಸೋಲಾರ್ ಇದೆ, ಮೇಲೆ ನನಗೆ 25 ಲೀಟರಿನ 2000 ವಾಟ್ ಗೀಸರ್. ಚಳಿ ಶುರುವಾದಾಗಿಂದ ಬೆಳಿಗ್ಗೆ ಸ್ವಿಚ್ ಹಾಕಿ ಕಾಫಿ ಮಾಡ್ಕೊಂಡು ಪೇಪರ್ ನೋಡಿ ಆಮೇಲೆ ಸ್ನಾನಕ್ಕೆ ಹೋಗ್ತಿದ್ದೆ, ನೀರು ಕಾಯೋಕೆ ಒಟ್ಟು 40 ನಿಮಿಷ ಓಡುತ್ತೆ. ಲೆಕ್ಕ ಹಾಕಿದ್ರೆ 1.33 ಯೂನಿಟ್. ನಾನು ಹತ್ತು ಗಂಟೆ ಕೂತು ಕೆಲ್ಸ ಮಾಡೋ ಕಂಪ್ಯೂಟರ್ ಒಂದು ದಿನಕ್ಕೆ ಎಳೆಯೋದೂ ನಾನು ಸ್ನಾನಕ್ಕೆ ನೀರು ಕಾಯ್ಸೋದೂ ಒಂದೇ! ಇದನ್ನ ನಾನೇ ಅಂಕಲ್‌ಗೆ ಹೇಳ್ದೆ, ಮುಚ್ಚಿಡೋಕೆ ಮನಸ್ಸಾಗ್ಲಿಲ್ಲ.

ಸರ್ವೀಸ್_ಹುಬ್ಳಿ

ಭಾಳ ಚಲೋ ಕೆಲಸ ಮಾಡಿದ್ರಿ. ಆ 14 ವಾಟ್ ಉಳಿಸ್ರಿ ಮೊದ್ಲ. ರಾತ್ರಿ ಶಟ್‌ಡೌನ್ ಆದಮ್ಯಾಲೆ ಯುಪಿಎಸ್ಸಿನ ಬಟನ್ ಆಫ್ ಮಾಡಿ ಗ್ವಾಡಿ ಸ್ವಿಚ್ಚೂ ಆಫ್ ಮಾಡ್ರಿ, 14 ವಾಟ್ ಗುಣಿಲೆ 14 ತಾಸು ಗುಣಿಲೆ 30 ದಿನ, ಆರು ಯೂನಿಟ್ ಹತ್ತಿರ ಉಳೀತು. ಆದ್ರ ವಾರಗಟ್ಟಲೆ ಹಂಗ ಆಫ್ ಇಡಬ್ಯಾಡ್ರಿ, ಬ್ಯಾಟರಿ ಚಾರ್ಜ್ ಇಲ್ದ ಕುಂತ್ರ ಲಗೂ ಸಾಯ್ತೈತಿ. ನೀವು ದಿನಾ ಹತ್ತು ತಾಸು ಹಚ್ಚತೀರಿ, ತೊಂದ್ರಿ ಇಲ್ಲ.

ಬಸವನಗುಡಿ_ಬಿಟ್ಸ್

ಊಟಕ್ಕೆ ಎದ್ದಾಗ ಸ್ಲೀಪ್ ಹಾಕಿದ್ರೆ ಸಾಕಾ, ಶಟ್‌ಡೌನ್ ಮಾಡ್ಬೇಕಾ? ಸ್ಕ್ರೀನ್‌ಸೇವರ್ ಹಾಕಿದೀನಿ ನಾನು.

ಕಡಲೂರ_ಕೋಡರ್

ಸ್ಕ್ರೀನ್‌ಸೇವರ್‌ನಿಂದ ಏನೂ ಉಳಿಯಲ್ಲ, ಸ್ಕ್ರೀನೂ ಆನ್, ಕಂಪ್ಯೂಟರೂ ಆನ್. ಅದು ಹಳೇ ಡಬ್ಬ ಮಾನಿಟರ್ ಕಾಲದಲ್ಲಿ ಸ್ಕ್ರೀನ್ ಮೇಲೆ ಕಲೆ ಉಳೀಬಾರ್ದು ಅಂತ ಬಂದಿದ್ದು. ಸ್ಲೀಪಲ್ಲಿ ಡೆಸ್ಕ್‌ಟಾಪ್ ಸಾಮಾನ್ಯವಾಗಿ ಒಂದರಿಂದ ಮೂರು ವಾಟ್ ಮಾತ್ರ ಎಳೆಯುತ್ತೆ, ಊಟಕ್ಕೆ ಅದು ಸಾಕು. ಎದ್ದು ಹೋದಾಗ ಹತ್ತು ನಿಮಿಷಕ್ಕೆ ತಾನೇ ಸ್ಲೀಪ್ ಆಗೋ ಹಾಗೆ ಸೆಟ್ ಮಾಡಿ, ಎಕ್ಸ್‌ಪೋರ್ಟ್ ಹಾಕಿ ಹೋಗೋ ದಿನ ಮಾತ್ರ ಅದನ್ನ ತೆಗೆದು ಹೋಗಿ, ಇಲ್ಲಾಂದ್ರೆ ಅರ್ಧದಲ್ಲಿ ನಿಂತಿರುತ್ತೆ.

ವೈರ್‌ಮನ್_ಮಗ

ಎಡಿಟರ್ ಅವ್ರೇ, ಒಂದು ಸಲಹೆ. ಮೇಲ್ಮನೆ ಲೈನಿಗೆ ಒಂದು ಸಬ್ ಮೀಟರ್ ಹಾಕ್ಸಿಬಿಡಿ. ಮೇಲಕ್ಕೆ ಹೋಗೋ ಲೈನ್ ಬೋರ್ಡ್ ಹತ್ರ ಬೇರೆಯಾಗಿ ಬಂದಿದ್ರೆ ಎಲೆಕ್ಟ್ರಿಷಿಯನ್‌ಗೆ ಒಂದು ಗಂಟೆ ಕೆಲ್ಸ. ಆಗ ಕಂಪ್ಯೂಟರ್ ಎಷ್ಟು ಗೀಸರ್ ಎಷ್ಟು ಅಂತ ಪ್ರತಿಸಲ ಎಣಿಸೋದು ಬೇಡ, ಮೇಲ್ಮನೆ ಒಟ್ಟು ಎಷ್ಟು ಅಂತ ತಿಂಗಳಿಗೊಂದ್ಸಲ ಓದಿದ್ರೆ ಆಯ್ತು. ಆದ್ರೆ ಒಂದು ತಿಳ್ಕೊಳ್ಳಿ, ಇದು ನಿಮ್ಮಿಬ್ಬರ ಲೆಕ್ಕಕ್ಕೆ ಮಾತ್ರ. ಗೃಹಜ್ಯೋತಿ ಲೆಕ್ಕ ಆರ್‌ಆರ್ ನಂಬರ್ (ಬಿಲ್ ಮೇಲಿರೋ ಕನೆಕ್ಷನ್ ನಂಬರ್) ಮೇಲೆ, ಸಬ್ ಮೀಟರಿಗೆ ಆರ್‌ಆರ್ ನಂಬರ್ ಇರಲ್ಲ, ಮೇಲ್ಮನೆಗೆ ಬೇರೆ ಕನೆಕ್ಷನ್ ತಗೊಂಡ್ರೆ ಮಾತ್ರ ಅದು ಬೇರೆ ಆಗುತ್ತೆ. ಅದು ಓನರ್ ಯೋಚನೆ ಮಾಡ್ಬೇಕಾದ ವಿಷಯ.

ಮೈಸೂರ್_ಎಡಿಟರ್

ಬೇರೆ ಕನೆಕ್ಷನ್ ಬಗ್ಗೆ ಅಂಕಲ್ ವಿಚಾರಿಸ್ತೀನಿ ಅಂದಿದಾರೆ. ಸಬ್ ಮೀಟರ್ ನಿನ್ನೆ ಹಾಕ್ಸಿದ್ವಿ, ಖರ್ಚು ಅರ್ಧ ಅರ್ಧ. ಯುಪಿಎಸ್ ರಾತ್ರಿ ಆಫ್ ಮಾಡ್ತಿದೀನಿ, ಗೀಸರ್ 15 ನಿಮಿಷಕ್ಕೆ ಇಳ್ಸಿದೀನಿ, ಬಕೆಟ್ ನೀರಿಗೆ ಅಷ್ಟು ಸಾಕು. ಎರಡೂ ಸೇರಿ 30 ಯೂನಿಟ್ ಉಳೀಬೇಕು, 214ರಿಂದ 184ಕ್ಕೆ ಬಂದ್ರೆ ಅವರು ಕಟ್ಟಬೇಕಾಗಿರೋದು 19 ಯೂನಿಟ್‌ಗೆ ಮಾತ್ರ, ಅದನ್ನ ನಾನೇ ಕೊಡ್ತೀನಿ ಅಂದಿದೀನಿ. ಮೀಟರ್ 0.0 ತೋರಿಸ್ತಿರೋ ಫೋಟೋ ಇಬ್ರ ಫೋನಲ್ಲೂ ಇದೆ, ಮುಂದಿನ ತಿಂಗಳು ಬಿಲ್ ಬಂದ ದಿನ ರೀಡಿಂಗ್ ಇಲ್ಲೇ ಹಾಕ್ತೀನಿ.